ಇಪ್ಪತ್ತೊಂದನೆಯ ಉತ್ತರಪತ್ರಿಕೆ

ಅಂಕೋಬ್ರಾ ನದಿಯ ಈ ದಂಡೆಗೆ ಇವತ್ತೂ ಕರೆಂಟಿಲ್ಲ.
ನಮ್ಮವರು ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ, ಡುಮ್ಸೊರ್:
ಆರು, ಹೊತ್ತು.
ಮೊಬೈಲನ್ನು ಲೋಟಕ್ಕೆ ಒರಗಿಸಿ
ಅದರ ಬೆಳಕಲ್ಲಿ ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ವರ್ಷವರ್ಷವೂ ಅದೇ ಪ್ರಶ್ನೆ:
ವಿಂಗಡಿಸಿ. ಧಾತು, ಸಂಯುಕ್ತ, ಮಿಶ್ರಣ.
ಚಿನ್ನ. ಉಪ್ಪು. ಗಾಳಿ. ನದಿಯ ನೀರು. ಪಾದರಸ.

ಇಪ್ಪತ್ತು ಪತ್ರಿಕೆ ಸಲೀಸಾಗಿ ಮುಗಿದವು.
ಬೈದೂ ಉಪ್ಪನ್ನು ಧಾತು ಎಂದಿದ್ದಾನೆ.
ಅವನಜ್ಜಿ ಆಕ್ಸಿಮ್ ಸಂತೆಯಲ್ಲಿ ನಲವತ್ತು ವರ್ಷ
ಮಾರಿದ್ದು ಅದೊಂದನ್ನೇ, ಒಡೆದು ನೋಡಿದವಳಲ್ಲ.
ನೀರಿಗೆ ಬಿದ್ದರೆ ಸಿಡಿಯುವ ಸೋಡಿಯಂ,
ಗಂಟಲು ಸುಡುವ ಕ್ಲೋರಿನ್,
ಎರಡೂ ಕೂಡಿದರೆ ಸಾರಿಗೆ ರುಚಿ ಅಂತ
ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ,
ಹೇಳುವಾಗೆಲ್ಲ ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ.
ಅರ್ಧ ಅಂಕ ಕೊಟ್ಟೆ, ಅಜ್ಜಿಯ ಲೆಕ್ಕದಲ್ಲಿ.

ಇಪ್ಪತ್ತೊಂದನೆಯದು ಅರಾಬಾ ಎಸ್ಸುಮಾನ್‌ಳದು.
ಅಂಚಿನಲ್ಲಿ ಒಣಗಿದ ಕೆಸರಿನ ಹೆಬ್ಬೆರಳು.

ಚಿನ್ನ: ಧಾತು. ಸರಿ.
ನದಿಯ ನೀರು: ಮಿಶ್ರಣ. ಕೇಳದಿದ್ದರೂ ಜೊತೆಗೆ:
"ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟರೆ
ಮಣ್ಣು ತಳಕ್ಕೆ ಕೂರುತ್ತದೆ,
ಡೀಸೆಲ್ ಮೇಲೆ ಬಣ್ಣಬಣ್ಣವಾಗಿ ತೇಲುತ್ತದೆ,
ನಡುವಿನದನ್ನು ನಾವು ಕುಡಿಯುತ್ತೇವೆ."
ಬೇರ್ಪಡಿಸುವ ವಿಧಾನವೂ ಸೇರಿದ ಉತ್ತರ.
ಇದಕ್ಕಿಂತ ಚೆನ್ನಾಗಿ ನಾನೂ ಬರೆಯಲಾರೆ.

ಪಾದರಸ: ಇಲ್ಲಿ ಅವಳ ಕೈ ತಡವರಿಸಿದೆ.
ಧಾತು ಎಂದು ಬರೆದು, ಹೊಡೆದುಹಾಕಿ,
ಮಿಶ್ರಣ ಎಂದು ಬರೆದು, ಅದನ್ನೂ ಹೊಡೆದು,
ಕೆಳಗೆ ಸಣ್ಣ ಅಕ್ಷರದಲ್ಲಿ:

"ಸರ್, ಅಮ್ಮ ಬೋಗುಣಿಯ ಮರಳಿಗೆ ಪಾದರಸ ಹಾಕಿ
ಹಿಟ್ಟು ನಾದಿದ ಹಾಗೆ ನಾದುತ್ತಾಳೆ.
ಅದು ಚಿನ್ನದ ಕಣಗಳನ್ನು ಹುಡುಕಿ ಹುಡುಕಿ ಅಪ್ಪಿಕೊಳ್ಳುತ್ತದೆ.
ಬಟ್ಟೆಯಲ್ಲಿ ಹಿಂಡಿ ಒಲೆಯ ಮೇಲಿಟ್ಟರೆ
ಪಾದರಸ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ.
ಬೇರೆಯಾಯಿತು ಅಂದಮೇಲೆ ಮಿಶ್ರಣ ತಾನೇ?
ಆದರೆ ಹಾರಿದ್ದು ಎಲ್ಲಿಗೆ ಹೋಯಿತು?
ಈಗ ಅಮ್ಮ ಲೋಟ ಹಿಡಿದರೆ ನೀರು ತುಳುಕುತ್ತದೆ.
ಅವಳೊಳಗೆ ಇರುವುದು ಮಿಶ್ರಣವೋ ಸಂಯುಕ್ತವೋ?
ಮಿಶ್ರಣವಾದರೆ ತೆಗೆಯಬಹುದಲ್ಲ."

ಧಾತುಗೆಟ್ಟು ಕೂತೆ.

ಜೂನಿನಲ್ಲಿ ಇದೇ ಹುಡುಗಿಯ ಕೈಗೆ
ಅಯಸ್ಕಾಂತ ಕೊಟ್ಟಿದ್ದೆ.
ಕಬ್ಬಿಣದ ಪುಡಿ, ಹಳದಿ ಗಂಧಕ, ಕಲಸಿದ್ದೆ.
ಕಬ್ಬಿಣ ಮೀಸೆಯಂತೆ ನೆಟ್ಟಗೆ ನಿಂತು ಎದ್ದು ಬಂತು.
ಆಮೇಲೆ ಕಾಯಿಸಿದೆ; ಕರಿ ಮುದ್ದೆ.
ಅವಳು ಅಯಸ್ಕಾಂತವನ್ನು ಮೂರು ಸಲ ಆಡಿಸಿದಳು,
ಮೂರು ಸಲವೂ ಬರಿಗೈ.
"ಮದುವೆಯಾಗಿಬಿಟ್ಟರು, ಇನ್ನು ಕರೆದರೆ ಬರುವುದಿಲ್ಲ"
ಎಂದಿದ್ದೆ. ತರಗತಿ ನಕ್ಕಿತ್ತು. ನಾನೂ.

ಪಾದರಸಕ್ಕೂ ಗಂಧಕವೆಂದರೆ ಪ್ರಾಣ.
ಹೋದ ವರ್ಷ ಥರ್ಮಾಮೀಟರ್ ಒಡೆದಾಗ
ನೆಲಕ್ಕೆಲ್ಲ ಗಂಧಕ ಉದುರಿಸಿದವನು ನಾನೇ.
ಗಂಧಕ ನಮ್ಮ ಕೂದಲಲ್ಲಿದೆ, ಉಗುರಲ್ಲಿದೆ,
ಮಾಂಸದ ಎಳೆಎಳೆಯಲ್ಲಿದೆ;
ಎರಡನೆಯ ಫಾರ್ಮಿನ ಪಾಠದಲ್ಲಿ ಮಾತ್ರ ಅದಿಲ್ಲ.

ಕೆಂಪು ಪೆನ್ನು ಹಿಡಿದ ಬೆರಳಲ್ಲಿ ಉಂಗುರ.
ಪ್ರೆಸ್ಟಿಯಾ ಪೇಟೆಯಲ್ಲಿ ಕೊಂಡದ್ದು.
ಯಾರ ಒಲೆಯ ಮೇಲಿಂದ ಇಳಿದದ್ದೋ
ಅಂಗಡಿಯವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಶುದ್ಧ ಚಿನ್ನ ಎಂದ. ಶುದ್ಧ ಎಂದರೆ
ಬೇರೇನೂ ಬೆರೆತಿಲ್ಲ ಅಂತ ಅರ್ಥ ಎಂದು
ನಾನೇ ಅವನಿಗೆ ಪಾಠ ಹೇಳಿ ಬಂದಿದ್ದೆ.

ಬರೆದೆ:
"ಪಾದರಸ ಧಾತುವೇ ಮಗಳೇ.
ಮೊದಲು ಬರೆದದ್ದೇ ಸರಿ, ಹೊಡೆದುಹಾಕಬೇಡ.
ಒಲೆಯನ್ನು ಇವತ್ತೇ ಮನೆಯಿಂದ ದೂರ ಇಡಿ.
ಸೋಮವಾರ ಅಮ್ಮನನ್ನು ಕರೆದುಕೊಂಡು ಬಾ,
ತಾರ್ಕ್ವಾ ಆಸ್ಪತ್ರೆಗೆ ನಾನೂ ಬರುತ್ತೇನೆ.
ಹೊಗೆ ನಿಂತರೆ ಮೈ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದಂತೆ."

ಆ 'ಅಂತೆ'ಯನ್ನು ಅಳಿಸಲು ನೋಡಿದೆ.
ಕೆಂಪು ಶಾಯಿ ಅಳಿಯುವುದಿಲ್ಲ.

ಅಷ್ಟರಲ್ಲಿ ಕರೆಂಟು ಬಂತು, ಓಣಿಯೆಲ್ಲ ಹೋ ಎಂದಿತು.
ಇನ್ನೂ ಹತ್ತೊಂಬತ್ತು ಪತ್ರಿಕೆ ಬಾಕಿ.